ಮೀಸೆಗೆ ಬಳಿದ ಕಪ್ಪು

ಕುಂಚ ಮಾರುವವನು ಅದನ್ನು ಗಿರಾಕಿಯ ಕೆನ್ನೆಗೆ ಸವರಿ ತೋರಿಸುತ್ತಾನೆಂಬುದು ವಡೋದರಕ್ಕೆ ವರ್ಗವಾಗುವವರೆಗೆ ನನಗೆ ಗೊತ್ತಿರಲಿಲ್ಲ. ಬಟ್ಟೆಯಂಗಡಿಯವನು ಹೆಚ್ಚೆಂದರೆ ಮುಂಗೈಯ ಮೇಲೆ ಸೆರಗು ಹರಡಿ ತೋರಿಸುತ್ತಾನೆ. ತರಕಾರಿಯವನು ಬದನೆಕಾಯಿಯನ್ನು ನಮ್ಮ ಮುಖಕ್ಕೆ ಮುಟ್ಟಿಸಿದ್ದನ್ನು ನಾನು ಕಂಡಿಲ್ಲ. ಆದರೆ ಕಲಾಶಾಲೆಯ ಹಿಂದಿನ ಗಲ್ಲಿಯಲ್ಲಿ ಎಣ್ಣೆಬಣ್ಣ, ಕುಂಚ, ಕ್ಯಾನ್ವಾಸುಗಳ ಅಂಗಡಿ ಇಟ್ಟಿದ್ದ ಆ ಮುದುಕ, ನಾನು ಬಾಯಿ ತೆರೆಯುವ ಮೊದಲೇ ಎರಡು ಕುಂಚಗಳನ್ನೆತ್ತಿ, ಒಂದನ್ನು ನನ್ನ ಎಡಗೆನ್ನೆಗೂ ಇನ್ನೊಂದನ್ನು ಬಲಗೆನ್ನೆಗೂ ಸವರಿ, ಕ್ಷೌರಿಕನಿಗಿರಬೇಕಾದ ಗಾಂಭೀರ್ಯದಿಂದ ಕೇಳಿದ: “ಕಡಕ್ ಜೋಯಿಯೆ ಕೆ ನರಮ್?” ಬಿರುಸಾದದ್ದು ಬೇಕೋ, ಮೆತ್ತಗಿನದೋ? ಲೋಕದ ಸಮಸ್ತ ಕುಂಚಗಳೂ ಆ ಅಂಗಡಿಯಲ್ಲಿ ಈ ಎರಡೇ ಜಾತಿಗೆ ಸೇರಿದ್ದವು. ಇದು ಯಾವ ಪ್ರಾಣಿಯ ಕೂದಲು ಎಂದು ನಾನು ಕೇಳಿದೆ. ಮುದುಕ ನನ್ನ ತಲೆಯ ಮೇಲಿಂದ ಬೀದಿಯತ್ತ ನೋಡುತ್ತಾ, “ಇಂಪೋರ್ಟೆಡ್, ಸಾಹೇಬ್” ಎಂದ. ಅದು ಪ್ರಶ್ನೆಗೆ ಉತ್ತರವಲ್ಲ ಎಂದು ನನಗೆ ಹೊಳೆಯಲಿಲ್ಲ. ವಿದೇಶದ ಪ್ರಾಣಿಯೊಂದು ತನ್ನ ಕೂದಲನ್ನು ನನ್ನ ಕಲೆಗಾಗಿ ಕಳಿಸಿಕೊಟ್ಟಿದೆಯೆಂಬ ಹೆಮ್ಮೆಯಲ್ಲಿ ಎರಡು ಜಾತಿಯಲ್ಲೂ ಮೂರು ಮೂರು ಕಟ್ಟಿಸಿಕೊಂಡೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ನಾನು ಒಂದು ವಿಮಾ ಕಚೇರಿಯಲ್ಲಿ ಅಧಿಕಾರಿ. ಸುಟ್ಟ ಗೋದಾಮು, ಜಜ್ಜಿದ ಲಾರಿ, ನೀರು ಹೊಕ್ಕ ಸಕ್ಕರೆ ಮೂಟೆ, ಇವು ನನ್ನ ದಿನದ ದೃಶ್ಯಗಳು. ಆದರೆ ಸ್ವಂತ ಅಭಿಪ್ರಾಯದಲ್ಲಿ ನಾನೊಬ್ಬ ಆಧುನಿಕ ಕಲಾವಿದ. ಅಂದರೆ ರೂಪವನ್ನು ಒಡೆಯಬೇಕೆಂದು ದೃಢವಾಗಿ ನಂಬಿದವನು. ರೂಪವನ್ನು ಬರೆಯುವುದಕ್ಕೇ ಬಾರದಿದ್ದುದರಿಂದ ಒಡೆಯುವ ಕೆಲಸ ಅರ್ಧ ಸಲೀಸಾಗಿತ್ತು. ಮೈಸೂರಿನಲ್ಲಿರುವಾಗ ಪೋಸ್ಟರ್ ಬಣ್ಣದಲ್ಲಿ ಒಡೆಯುತ್ತಿದ್ದೆ. ವಡೋದರವೆಂದರೆ ಚಿತ್ರಕಾರರ ಊರು, ಅಲ್ಲಿನ ನೀರು ಕುಡಿದವರೆಲ್ಲ ಕುಂಚ ಹಿಡಿಯುತ್ತಾರೆ ಎಂದು ಯಾರೋ ಹೇಳಿದ್ದರಿಂದ, ಇಲ್ಲಿ ಎಣ್ಣೆಬಣ್ಣದಲ್ಲಿ ಒಡೆಯುವುದೆಂದು ನಿಶ್ಚಯಿಸಿದೆ. ಯಾರು ಹೇಳಿದರು ಎಂದು ಕೇಳಬೇಡಿ. ನನ್ನ ನೆನಪು ಇಂಥ ಜಾಗಗಳಲ್ಲಿ ಗಡ್ಡದ ಗುರುವೊಬ್ಬನನ್ನು ತಂದು ಕೂರಿಸುತ್ತದೆ. ಅಂಥ ಗುರು ನನಗೆ ಇರಲೇ ಇಲ್ಲ. ಬಹುಶಃ ವರ್ಗಾವಣೆಯ ಸಿಟ್ಟಿಗೆ ನಾನೇ ಹೇಳಿಕೊಂಡ ಸಮಾಧಾನ.

ಎಣ್ಣೆಬಣ್ಣದ ಸಾಮಾನು ಕೊಳ್ಳುವುದೆಂದರೆ ಅರ್ಧ ಅಡುಗೆಮನೆ, ಅರ್ಧ ಗ್ಯಾರೇಜು ಕೊಂಡ ಹಾಗೆ. ಅಗಸೆ ಎಣ್ಣೆ ಬೇಕು, ಟರ್ಪೆಂಟೈನ್ ಬೇಕು, ಕರಣೆಯ ಮರಿಯಂಥ ಒಂದು ಚೂರಿ ಬೇಕು, ಕ್ಯಾನ್ವಾಸು ನಿಲ್ಲಿಸಲು ಮೂರು ಕಾಲಿನ ಒಂದು ಸ್ಟ್ಯಾಂಡು ಬೇಕು, ಮತ್ತು ಒರೆಸಲು ಎಷ್ಟು ತಂದರೂ ಸಾಲದಷ್ಟು ಹಳೇ ಬನಿಯನ್ನುಗಳು ಬೇಕು. ಬಣ್ಣದ ಟ್ಯೂಬುಗಳನ್ನು ನಾನು ಆರಿಸಿದ್ದು ಬಣ್ಣ ನೋಡಿ ಅಲ್ಲ, ಹೆಸರು ನೋಡಿ. ಕೆಲವು ಹೆಸರುಗಳನ್ನು ಮೆಲ್ಲಗೆ ಉಚ್ಚರಿಸಿದರೆ ಸಾಕು, ಕಲೆ ಅರ್ಧ ಮುಗಿದಂತೆ ಅನಿಸುತ್ತದೆ. ಕಪ್ಪಿನಲ್ಲಿ ಎರಡು ಬಗೆ ಇದ್ದವು. ಒಂದರ ಹೆಸರು ದೀಪದ ಮಸಿಯದು. ಕಾಡಿಗೆ ಡಬ್ಬಿಯ ನೆನಪಾಗಿ ಅದನ್ನು ಬದಿಗೆ ಸರಿಸಿದೆ. ಇನ್ನೊಂದು ಐವರಿ ಬ್ಲ್ಯಾಕ್. ಆನೆಯ ದಂತದ ಹೆಸರಿಟ್ಟುಕೊಂಡ ಕಪ್ಪು! ಇಂಥ ವಿರೋಧಾಭಾಸವನ್ನು ಬಿಟ್ಟುಬಂದರೆ ನಾನು ಎಂಥ ಆಧುನಿಕ? ದೊಡ್ಡ ಟ್ಯೂಬನ್ನೇ ತೆಗೆದುಕೊಂಡೆ.

ಟರ್ಪೆಂಟೈನನ್ನು ಪುಕ್ಕಟೆ ಗಿಟ್ಟಿಸುವ ಯೋಚನೆ ಇತ್ತು. ಊರಾಚೆಯ ಕೊಯಾಲಿಯ ಎಣ್ಣೆ ಶುದ್ಧೀಕರಣ ಕಾರ್ಖಾನೆಯ ಸಿಬ್ಬಂದಿ ಬಡಾವಣೆಯಲ್ಲಿ ಪಾಟೀಲನೆಂಬ ಹುಬ್ಬಳ್ಳಿಯ ಎಂಜಿನಿಯರ್ ಗೆಳೆಯನಿದ್ದ. ಅಷ್ಟು ಕೊಳವೆಗಳ ನಡುವೆ ಬದುಕುವವನಿಗೆ ಒಂದು ಸೀಸೆ ದ್ರಾವಕ ಯಾವ ಲೆಕ್ಕ? ಕೇಳಿದೆ. “ಏ ಮಾರಾಯಾ, ನಮ್ಮಲ್ಲಿ ಹಳ್ಳ ಹರಿದಂಗ ಹರೀತದ, ಖರೆ. ಆದ್ರ ಬಾಟ್ಲಿ ಹಿಡ್ಕೊಂಡು ಗೇಟಿನಾಗ ಸಿಕ್ಕೆ ಅಂದ್ರ ನಾ ಗಂಟುಮೂಟಿ ಕಟ್ಕೊಂಡು ಹುಬ್ಬಳ್ಳಿಗೆ ಹೊಳ್ಳಬೇಕಾಗ್ತದ. ನಿನ್ನ ಚಿತ್ರದಾಗ ಒಂದರ ಏನರ ತಿಳಿಯೂ ಹಂಗಿದ್ದಿದ್ರ ಆ ಮಾತು ಬ್ಯಾರೆ. ಸುಮ್ನ ಅಂಗಡ್ಯಾಗ ತಗೋ” ಎಂದ. ತಗೊಂಡೆ. ಕ್ಯಾನ್ವಾಸಿನಲ್ಲೂ ಜಾಣತನ ಮಾಡಲು ಹೋಗಿ, ಕಚೇರಿ ಕೆಲಸಕ್ಕೆ ಸೂರತ್ತಿಗೆ ಹೋದಾಗ ಅಲ್ಲಿನ ಮಾರುಕಟ್ಟೆಯಲ್ಲಿ ಮಿರಮಿರ ಮಿಂಚುವ ಪಾಲಿಯೆಸ್ಟರ್ ಬಟ್ಟೆಯನ್ನು ಥಾನುಗಟ್ಟಲೆ ತಂದು ಚೌಕಟ್ಟಿಗೆ ಬಿಗಿದೆ. ಅದರ ಮೇಲೆ ಬಣ್ಣಕ್ಕೂ ಮೊದಲು ಬಳಿದ ಬಿಳಿ ಅಸ್ತರ, ಮೂರನೆಯ ದಿನ ಹಪ್ಪಳದಂತೆ ಇಡಿಯಾಗಿ ಎದ್ದು ಕೆಳಗೆ ಬಿತ್ತು. ಬಿದ್ದದ್ದನ್ನೇ ಒಂದು ಕೃತಿಯೆಂದು ವ್ಯಾಖ್ಯಾನಿಸಲು ನಾನು ತಯಾರಾಗಿದ್ದೆ. ನನ್ನ ಹೆಂಡತಿ ಸುಧಾ ಅಷ್ಟರಲ್ಲಿ ಗುಡಿಸಿ ಹಾಕಿದ್ದಳು. ಕೊನೆಗೆ ಮುದುಕನ ಅಂಗಡಿಯಿಂದಲೇ ಅಸ್ತರ ಬಳಿದು ತಯಾರಾದ ಹತ್ತಿಯ ಕ್ಯಾನ್ವಾಸು ಬಂತು.

ನಾವಿದ್ದದ್ದು ಎರಡಂತಸ್ತಿನ ಒಂದು ಮನೆಯ ಮೇಲ್ಭಾಗದಲ್ಲಿ. ಕೆಳಗೆ ಮನೆಯೊಡತಿ, ಎಪ್ಪತ್ತರ ಆಸುಪಾಸಿನ ವಿಧವೆ. ಮಗ, ಸೊಸೆ ಹಗಲೆಲ್ಲ ಅಂಗಡಿಯಲ್ಲಿರುತ್ತಿದ್ದುದರಿಂದ ಮನೆಯ ಆಡಳಿತ ಆಕೆಯದೇ. ಬೀದಿಗೆ ಬೀದಿಯೇ ಆಕೆಯನ್ನು ಬಾ ಎಂದು ಕರೆಯುತ್ತಿತ್ತು. ಗುಜರಾತಿಯಲ್ಲಿ ತಾಯಿಗೆ ಹಾಗೆನ್ನುತ್ತಾರೆ. ಈರುಳ್ಳಿ ಬೆಳ್ಳುಳ್ಳಿಗೂ ಪ್ರವೇಶವಿಲ್ಲದ ಮನೆ ಅದು. ನಮಗೆ ಬಾಡಿಗೆಗೆ ಕೊಡುವ ಮುನ್ನ ಬಾ ನಮ್ಮ ಅಡುಗೆ ಡಬ್ಬಿಗಳನ್ನೆಲ್ಲ ಒಂದೊಂದಾಗಿ ತೆರೆಸಿ ನೋಡಿದ್ದರು. ಸಾರಿನ ಪುಡಿಯನ್ನು ಮೂಸಿ ನೋಡಿ ಎರಡು ಸಲ ಸೀನಿದ ಮೇಲೆಯೇ ಕೀಲಿಕೈ ಕೊಟ್ಟದ್ದು. ಆಮೇಲೆ ಮಾತ್ರ ಸುಧಾಳನ್ನು ಮಗಳಂತೆ ನೋಡಿಕೊಂಡರು. ನಾಲ್ಕೇ ತಿಂಗಳಲ್ಲಿ ಅವಳಿಗೆ ಗುಜರಾತಿ ಬಂತು. ನನಗೆ ಬರಲಿಲ್ಲ, ಏಕೆಂದರೆ ನಾನು ರೂಪ ಒಡೆಯುವುದರಲ್ಲಿ ಮಗ್ನನಾಗಿದ್ದೆ.

ಎಣ್ಣೆಬಣ್ಣದ ಸಾಮಾನು ಮನೆಗೆ ಬಂದ ದಿನ ಬಾ ಮೆಟ್ಟಿಲು ಹತ್ತಿ ಬಂದು, ಡಬ್ಬಿಗಳನ್ನು ನೋಡಿದಷ್ಟೇ ಶ್ರದ್ಧೆಯಿಂದ ಅದನ್ನೂ ತಪಾಸಣೆ ಮಾಡಿದರು. “ಶುಂ ಛೆ ಆ?” ಎನ್ನುತ್ತಾ ಸೀಸೆಯ ಮುಚ್ಚಳ ತೆಗೆದು ಮೂಸಿದರು. ಇದೇನೆಂದು ಕೇಳಿದ ಮುಖ ಇದ್ದಕ್ಕಿದ್ದಂತೆ ಅರಳಿತು. “ಅರೆ, ಆ ತೋ ಅಳಸೀನುಂ ತೇಲ್!” ಅವರ ಮನೆಯಲ್ಲಿ ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳುವ ಮುಖವಾಸದಲ್ಲಿ ಹುರಿದ ಅಗಸೆಬೀಜ ಇರುತ್ತಿತ್ತು. ಅದೇ ಬೀಜದ ಎಣ್ಣೆ ಎಂದ ಮೇಲೆ, ಆಮೇಲಿನದನ್ನು ಅವರು ತನಿಖೆ ಮಾಡಲಿಲ್ಲ. ಕ್ಯಾನ್ವಾಸನ್ನು ಬೆರಳಲ್ಲಿ ಉಜ್ಜಿ, ಹತ್ತಿ ಎಂದು ತಲೆದೂಗಿದರು. ಅವರ ಗಂಡ ಅಹಮದಾಬಾದಿನ ಬಟ್ಟೆ ಗಿರಣಿಯಲ್ಲಿ ಮಾಸ್ತರರು, ಅಂದರೆ ಖಾತೆಯೊಂದರ ಮೇಲ್ವಿಚಾರಕರು, ಆಗಿದ್ದವರಂತೆ, ಹತ್ತಿಯನ್ನು ಮುಟ್ಟಿ ನೋಡುವುದು ಮನೆಯ ವಿದ್ಯೆ. ನಂತರ ನನ್ನತ್ತ ತಿರುಗಿ, “ಬಧುಂ ಚೋಖ್ಖುಂ ಛೆ ನೆ?” ಎಂದರು. ಎಲ್ಲವೂ ಶುದ್ಧ ತಾನೇ?

“ಹಾಂ ಬಾ, ಬಧುಂ ಚೋಖ್ಖುಂ” ಎಂದೆ. ನಾನು ಗುಜರಾತಿಯಲ್ಲಿ ಆಡಿದ ಮೊಟ್ಟಮೊದಲ ಪೂರ್ಣ ವಾಕ್ಯ ಅದು, ಮತ್ತು ಅದು ಸುಳ್ಳು.

ಆಗ ಅದು ಸುಳ್ಳೆಂದು ನನಗೂ ಗೊತ್ತಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಹೇಳುವುದು ಸುಳ್ಳಲ್ಲ, ಅದು ಕಲಾವಿಮರ್ಶೆ. ಆದರೆ ಬಾ ನನ್ನ ಮಾತನ್ನು ನಂಬಿ, ಮರುದಿನವೇ ಒಂದು ಪುಟ್ಟ ಫೋಟೋ ತಂದು ನನ್ನ ಕೈಯಲ್ಲಿಟ್ಟರು. ತೀರಿಕೊಂಡ ಗಂಡನದು, ನಾವು ಕಾಣದ ಆ ಮನುಷ್ಯನನ್ನು ನಾವೂ ಬೀದಿಯವರಂತೆ ಕಾಕಾ, ಅಂದರೆ ಚಿಕ್ಕಪ್ಪ, ಎನ್ನುತ್ತಿದ್ದೆವು. ಸ್ಟುಡಿಯೋದವರು ಫೋಟೋ ದೊಡ್ಡದು ಮಾಡಿಕೊಡುತ್ತಾರೆ, ಅದು ವರ್ಷದೊಳಗೆ ಹಳದಿಯಾಗುತ್ತದೆ. ಅದರಲ್ಲಿ ಎಂಥದೋ ಕೆಮಿಕಲ್. ಇದಾದರೆ ಅಳಸಿ ಎಣ್ಣೆ, ಹತ್ತಿ ಬಟ್ಟೆ. ಮುಂದಿನ ತಿಂಗಳು ಕಾಕಾ ಪುಣ್ಯತಿಥಿ. ಅಷ್ಟರಲ್ಲಿ ಬರೆದುಕೊಟ್ಟರೆ ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ, ದೇವರ ಗೂಡಿನ ಎದುರಿಗೆ ಹಾಕಿ, ಬೆಳಿಗ್ಗೆ ಅವರಿಗೆ ಕೈಮುಗಿದೇ ಒಲೆ ಹಚ್ಚುತ್ತೇನೆ ಎಂದರು. ಇದೆಲ್ಲವನ್ನೂ ನನಗೆ ಸುಧಾ ಕನ್ನಡ ಮಾಡಿ ಹೇಳಿ, ಕೊನೆಗೆ ತನ್ನದೊಂದು ಸೇರಿಸಿದಳು: “ಮೂಗು ಇರ್ಬೇಕಂತೆ ರೀ. ಇರೋ ಜಾಗದಲ್ಲೇ.”

ಮೂರು ವಾರ ನಾನು ನನ್ನ ಸಿದ್ಧಾಂತಗಳನ್ನೆಲ್ಲ ಅಟ್ಟಕ್ಕೆ ಹಾಕಿ, ಮೂಗನ್ನು ಮೂಗಿನ ಜಾಗದಲ್ಲೇ ಬರೆಯಲು ಹೆಣಗಿದೆ. ಅಂಚೆಚೀಟಿಗಿಂತ ತುಸುವೇ ದೊಡ್ಡದಾದ ಆ ಫೋಟೋದಲ್ಲಿ ಸ್ಪಷ್ಟವಾಗಿದ್ದದ್ದು ಎರಡೇ, ಎಣ್ಣೆ ಹಚ್ಚಿ ಬಾಚಿದ ಕೂದಲು ಮತ್ತು ಮೀಸೆ. ಉಳಿದದ್ದು ಊಹೆ. ಆದ್ದರಿಂದ ನಾನು ಸ್ಪಷ್ಟವಾಗಿದ್ದುದಕ್ಕೇ ಹೆಚ್ಚು ಬಣ್ಣ ಕೊಟ್ಟೆ. ಬಿರುಸು ಕುಂಚದಲ್ಲಿ ಕಪ್ಪನ್ನು ಮೆತ್ತಿ ಮೆತ್ತಿ ಎಂಥ ಮೀಸೆ ಮಾಡಿದೆನೆಂದರೆ, ಮುಖವಿಲ್ಲದಿದ್ದರೂ ಅದು ಸ್ವತಂತ್ರವಾಗಿ ನಿಲ್ಲಬಲ್ಲದಾಗಿತ್ತು. ಬಾ ದಿನಕ್ಕೊಮ್ಮೆ ಬಂದು ನೋಡಿ ಹೋಗುತ್ತಿದ್ದರು. ಎರಡನೆಯ ವಾರ, ಒಂದು ಮಧ್ಯಾಹ್ನ, ಚಿತ್ರದೆದುರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಗಂಡನ ಎದುರು ಹಾಗೆ ಎಳೆದುಕೊಳ್ಳುವ ರೂಢಿಯೇ ಅವರಿಗಿರಲಿಲ್ಲ, ನೀವು ಕಥೆ ಕಟ್ಟುತ್ತಿದ್ದೀರಿ, ಫ್ಯಾನಿನ ಗಾಳಿಗೆ ಸೆರಗು ಹಾರುತ್ತಿತ್ತು ಎನ್ನುತ್ತಾಳೆ ಸುಧಾ. ಇರಬಹುದು. ಮುಖ ಕಾಕಾ ಅವರದೇ ಆಗಿ ಮೂಡುತ್ತಿದೆ ಎಂದು ನಂಬಲು ನನಗೆ ಆ ಸೆರಗು ಬೇಕಾಗಿತ್ತು.

ಎಲ್ಲ ಬಣ್ಣವೂ ಒಣಗುತ್ತಾ ಬಂತು, ಕಪ್ಪೊಂದನ್ನು ಬಿಟ್ಟು. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಪುಣ್ಯತಿಥಿಗೆ ಇನ್ನು ಹತ್ತೇ ದಿನ. ಹಾರ ಹಾಕಿದರೆ ಹೂವೆಲ್ಲ ಮೀಸೆಗೆ ಕಚ್ಚಿಕೊಳ್ಳುವುದು ಖಂಡಿತ. ಮುದುಕನನ್ನು ಕೇಳುವುದಕ್ಕೆ ಅಭಿಮಾನ ಅಡ್ಡ ಬಂತು. ಕಚೇರಿ ಸಭೆಗೆಂದು ಅಹಮದಾಬಾದಿಗೆ ಹೋದ ದಿನ, ಬಸ್ಸಿಗೆ ಹೊತ್ತಿದ್ದುದರಿಂದ ಒಂದು ಸೈಬರ್ ಕೆಫೆ ಹೊಕ್ಕು, ಎಣ್ಣೆಬಣ್ಣದ ಕಪ್ಪು ಏಕೆ ಒಣಗುವುದಿಲ್ಲವೆಂದು ಹುಡುಕಿದೆ. ಪುಟ ಒಂದೊಂದೇ ಸಾಲಾಗಿ, ಪರದೆ ಮೇಲೇಳುವ ನಾಟಕದಂತೆ ತೆರೆದುಕೊಂಡಿತು. ಐವರಿ ಬ್ಲ್ಯಾಕ್ ಬಹಳ ಎಣ್ಣೆ ಕುಡಿಯುತ್ತದೆ, ಆದ್ದರಿಂದ ನಿಧಾನವಾಗಿ ಒಣಗುತ್ತದೆ. ಸರಿ. ಹಿಂದೆ ಆನೆದಂತ ಸುಟ್ಟು ಮಾಡುತ್ತಿದ್ದರು. ಓಹೋ. ಈಗ ದಂತವಿಲ್ಲ, ಪ್ರಾಣಿಗಳ ಮೂಳೆಯನ್ನು ಸುಟ್ಟು ಪುಡಿ ಮಾಡುತ್ತಾರೆ.

ಅಷ್ಟಕ್ಕೇ ಎದ್ದು ಬರಬೇಕಿತ್ತು. ನಾನು ಕುಂಚದ ಬಗೆಗೂ ಓದಿದೆ. ಬಿರುಸಿನದು ಹಂದಿಯ ಕೂದಲು. ಮೆತ್ತಗಿನದು ಅಳಿಲು, ಮುಂಗುಸಿ, ಹೀಗೆ ಏನೇನೋ. ಕ್ಯಾನ್ವಾಸಿಗೆ ಅಸ್ತರದ ಕೆಳಗೆ ಬಳಿಯುವ ಅಂಟು ಹಲವು ಕಡೆ ಚರ್ಮ, ಗೊರಸು ಕುದಿಸಿದ್ದು. ವಿಮಾ ಕಚೇರಿಯಲ್ಲಿ ಹಾನಿಯ ಪಟ್ಟಿ ಓದುವ ಅಭ್ಯಾಸವಿದ್ದವನಿಗೆ, ಇಡೀ ಚಿತ್ರ ಒಂದು ಕಟುಕನ ಅಂಗಡಿಯ ದಾಸ್ತಾನು ಪಟ್ಟಿಯಂತೆ ಕಂಡಿತು. ಇದರಲ್ಲಿ ಸಸ್ಯಾಹಾರಿಯಾಗಿದ್ದವರು ಕಾಕಾ ಒಬ್ಬರೇ.

ಮರುದಿನ ಮುದುಕನ ಅಂಗಡಿಗೆ ಹೋಗಿ ಜಗಳಕ್ಕೆ ನಿಂತೆ. ಮೊದಲೇ ಏಕೆ ಹೇಳಲಿಲ್ಲ? ಮುದುಕ ತನ್ನ ಕುಂಚವೊಂದನ್ನು ತಾನೇ ಕೆನ್ನೆಗೆ ಸವರಿಕೊಳ್ಳುತ್ತಾ ಹಿಂದಿಯಲ್ಲಿ ಹೇಳಿದ: “ಸಾಹೇಬ್, ನಲವತ್ತು ವರ್ಷದಿಂದ ಅಂಗಡಿ ನಡೆಸ್ತಿದ್ದೀನಿ. ನಾವು ಜೈನರು, ಮನೆಯಲ್ಲಿ ಆಲೂಗೆಡ್ಡೆ ಕೂಡ ತಿನ್ನೋದಿಲ್ಲ. ಗಿರಾಕಿಗಳೂ ಹಾಗೇ. ಹೆಸರು ಹೇಳಿದರೆ ನಾನು ಮಾರೋ ಹಾಗಿಲ್ಲ, ಅವರು ಕೊಳ್ಳೋ ಹಾಗಿಲ್ಲ. ಕಡಕ್, ನರಮ್ ಅಂದರೆ ಇಬ್ಬರಿಗೂ ಕ್ಷೇಮ. ನೀವೊಬ್ಬರೇ ಈವರೆಗೆ ಯಾವ ಪ್ರಾಣಿ ಅಂತ ಕೇಳಿದವರು. ಅದಕ್ಕೆ ಇಂಪೋರ್ಟೆಡ್ ಅಂದೆ.” ದೀಪದ ಮಸಿಯ ಕಪ್ಪು ಕೊಡಲೇ ಎಂದೂ ಕೇಳಿದ. ಪ್ರಯೋಜನವೇನು? ಮೀಸೆಯನ್ನು ಕೆರೆದು ತೆಗೆಯಬಹುದು. ಹಂದಿ ಕೂದಲು ಓಡಾಡದ ಒಂದು ಅಂಗುಲವೂ ಆ ಮುಖದಲ್ಲಿರಲಿಲ್ಲ. ಹೊಸದಾಗಿ ಬರೆಯಲು ದಿನಗಳಿರಲಿಲ್ಲ, ಇದ್ದರೂ ಆ ಮುಖ ನನಗೆ ಇನ್ನೊಮ್ಮೆ ಬರುವಂತಿರಲಿಲ್ಲ. ಉಳಿದದ್ದು ಎರಡೇ ದಾರಿ. ಬಾ ಅವರಿಗೆ ಹೇಳುವುದು, ಇಲ್ಲವೇ ಆ ಮುದುಕಿ ಪ್ರತಿದಿನ ಬೆಳಿಗ್ಗೆ ಮೂಳೆಯ ಮಸಿಗೆ ಕೈಮುಗಿದು ಒಲೆ ಹಚ್ಚುವುದನ್ನು ಮೇಲಿನಿಂದ ನೋಡುತ್ತಾ ಬಾಡಿಗೆ ಕೊಡುವುದು.

ನನ್ನ ಸಂಕಟ ಕೇಳಿ ಸುಧಾ ಕೈಲಿದ್ದ ಸೌಟು ಕೆಳಗಿಟ್ಟಳು. “ಅಲ್ಲಾ ರೀ, ಆಫೀಸಿನ ಹಿಂದಿನ ಗಾಡೀಲಿ ಆಮ್ಲೆಟ್ ತಿಂದು, ಲವಂಗ ಅಗ್ದು ಬರ್ತೀರಲ್ಲ, ಆಗ ಎಲ್ಲಿರತ್ತೆ ಈ ಧರ್ಮಸೂಕ್ಷ್ಮ?”

“ಅದು ನನ್ನ ಹೊಟ್ಟೆ. ಇದು ಅವರ ದೇವರ ಗೂಡು.”

“ಹೇಳಿದ್ರೆ ನಿಮ್ಮ ಮನಸ್ಸು ಹಗುರ ಆಗತ್ತೆ. ಆ ಭಾರ ಎಲ್ಲಿ ಹೋಗತ್ತೆ? ಅವರ ತಲೆ ಮೇಲೆ. ಗಂಡನ್ನ ಇನ್ನೊಂದು ಸಲ ಕಳ್ಕೋಬೇಕಾ ಅವ್ರು? ನಿಮ್ಮ ಪ್ರಾಮಾಣಿಕತೆ ಅಷ್ಟು ತೂಕದ್ದಾದ್ರೆ ನೀವೇ ಹೊತ್ಕೊಂಡಿರಿ. ಸುಮ್ನಿರಿ.”

ಅವಳು ಹೇಳದೆ ಬಿಟ್ಟದ್ದನ್ನು ನಾನೇ ಹೇಳುತ್ತೇನೆ. ಹೇಳಿದರೆ ಮನೆ ಖಾಲಿ ಮಾಡಬೇಕಾಗಿ ಬರಬಹುದಿತ್ತು, ಮತ್ತು ಆ ಪರವೂರಿನಲ್ಲಿ ಸುಧಾಳ ಹಣೆ ಮುಟ್ಟಿ ಜ್ವರ ನೋಡುತ್ತಿದ್ದವರು ಬಾ ಒಬ್ಬರೇ. ಹಾಗಾಗಿ ನಾನು ಸುಮ್ಮನಿರಲು ಒಪ್ಪಿಕೊಂಡೆ. ನಾಲ್ಕು ದಿನ ಬಹಳ ಯಶಸ್ವಿಯಾಗಿ ಸುಮ್ಮನಿದ್ದೆ.

ಈಗ ಬರುವ ಭಾಗವನ್ನು ನಾನು ಹಲವರಿಗೆ ಹಲವು ರೀತಿಯಲ್ಲಿ ಹೇಳಿದ್ದೇನೆ. ಒಂದರಲ್ಲಿ ನಾನು ಬಾ ಎದುರು ಶಾಂತವಾಗಿ ಕುಳಿತು, ಸತ್ಯದ ಬಗ್ಗೆ ಎರಡು ಮಾತಾಡಿ, ತಪ್ಪೊಪ್ಪಿಕೊಳ್ಳುತ್ತೇನೆ. ಇನ್ನೊಂದರಲ್ಲಿ ಹೊರಗೆ ಮಳೆ ಬರುತ್ತಿರುತ್ತದೆ. ಅದು ಮಾರ್ಚ್ ತಿಂಗಳು, ಮಳೆಯ ಸುಳಿವೇ ಇರಲಿಲ್ಲ, ಶಾಂತತೆಯದೂ ಇರಲಿಲ್ಲ. ನಡೆದದ್ದು ಇಷ್ಟು. ಬಾ ಎಂದಿನಂತೆ ಮೇಲೆ ಬಂದರು. ಚಿತ್ರವನ್ನು ಹತ್ತಿರದಿಂದ ನೋಡಿದರು. “ಸುಕಾಯುಂ?” ಒಣಗಿತೇ ಎನ್ನುತ್ತಾ, ನಾನು ಬೇಡವೆನ್ನುವುದರೊಳಗೆ ತೋರುಬೆರಳಿನ ತುದಿಯಿಂದ ಗಂಡನ ಮೀಸೆಯನ್ನು ಸವರಿ, ಆ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ರೆಪ್ಪೆಯ ಮೇಲೆ ಕಪ್ಪು ಕೂತಿತು. ಅದು ಅವರಿಗೆ ತಿಳಿಯಲಿಲ್ಲ. “ಚಾಲೋ, ಲೋಟ್ ಬಾಂಧವಾನೋ ಛೆ” ಎಂದು ಹೊರಟರು. ಚಪಾತಿಯ ಹಿಟ್ಟು ಕಲೆಸಬೇಕಿತ್ತು.

“ಬಾ! ಹಾಥ್ ಧೋ ಲೀಜಿಯೆ!” ಕೈ ತೊಳೆದುಕೊಳ್ಳಿ ಎಂದು ನಾನು ಹಿಂದಿಯಲ್ಲಿ ಕಿರುಚಿದೆ. ಸುಧಾ ಅಡುಗೆಮನೆಯಿಂದ ಓಡಿ ಬಂದಳು.

ಬಾ ಬಾಗಿಲಲ್ಲಿ ನಿಂತು ಬೆರಳು ನೋಡಿಕೊಂಡರು. “ಕೆಮ್? ಝೇರ್ ಛೆ?” ಏಕೆ, ವಿಷವೇ?

“ವಿಷ ಅಲ್ಲ ಬಾ. ಹಡ್ಡಿ.”

“ಹಾಡಕಾಂ?” ತಮ್ಮ ಭಾಷೆಯಲ್ಲಿ ಖಚಿತ ಮಾಡಿಕೊಂಡರು. ಮೂಳೆ ತಾನೇ? “ಕೋನಾಂ?” ಯಾರದು?

ಇಂಪೋರ್ಟೆಡ್ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತೆಂದು ನಾಚಿಕೆಯಿಂದ ಹೇಳುತ್ತೇನೆ. ಆಮೇಲೆ ಎಲ್ಲವೂ ಒಟ್ಟಿಗೆ ಹೊರಬಿತ್ತು. ಕಪ್ಪು, ಕುಂಚ, ಅಂಟು. ನನ್ನ ಹಿಂದಿ ನಿಂತಲ್ಲಿ ಸುಧಾ ತಲೆ ತಗ್ಗಿಸಿಕೊಂಡು ಗುಜರಾತಿಯಲ್ಲಿ ಮುಂದುವರಿಸಿದಳು. ಹಂದಿ ಎಂಬ ಶಬ್ದ ಬಂದಾಗ ಅವಳ ಧ್ವನಿ ಪೂರ್ತಿ ಕುಸಿಯಿತು. ಬಾ ಮೆಟ್ಟಿಲಿಳಿದು ಹೋದರು. ಮೆಟ್ಟಿಲ ಬುಡದಲ್ಲಿ ಒಂದು ನಲ್ಲಿ, ಅದರ ಕೆಳಗೆ ಸಣ್ಣ ತೊಟ್ಟಿ ಇತ್ತು. ನೀರು ಬಿಟ್ಟ ಸದ್ದು ಕೇಳಿಸಿತು. ಬಹಳ ಹೊತ್ತು ಕೇಳಿಸಿತು. ಮನೆ ಹುಡುಕಬೇಕೆಂದು ನಾನೂ, ಸಾಮಾನು ಕಟ್ಟಬೇಕೆಂದು ಸುಧಾಳೂ ಒಬ್ಬರ ಮುಖ ಒಬ್ಬರು ನೋಡದೆ ಯೋಚಿಸುತ್ತಾ ನಿಂತಿದ್ದೆವು.

ಬಾ ಮತ್ತೆ ಮೇಲೆ ಬಂದರು. ಮುಖ ಒದ್ದೆಯಾಗಿತ್ತು, ರೆಪ್ಪೆಯ ಕಪ್ಪು ಕೆನ್ನೆಯ ತನಕ ಇಳಿದಿತ್ತು. ಎಣ್ಣೆಬಣ್ಣ ನೀರಿಗೆ ಹೋಗುವುದಿಲ್ಲ. ಕುರ್ಚಿಯಲ್ಲಿ ಕೂತು, ಚಿತ್ರದಲ್ಲಿ ಎಲ್ಲೆಲ್ಲಿ ಎಂದು ಕೇಳಿದರು. ನಾನು ತೋರಿಸಿದೆ. ಕೂದಲು, ಮೀಸೆ, ಹುಬ್ಬು, ಕೋಟಿನ ಕಾಲರು.

“ಆಂಖ್?” ಕಣ್ಣು?

ಕಣ್ಣಿನ ಗುಡ್ಡೆಯೂ.

ಬಾ ಗಂಡನ ಮುಖವನ್ನೇ ನೋಡುತ್ತಾ ಮೂಗಿನಲ್ಲಿ ಸಣ್ಣಗೆ ನಕ್ಕರು. ನಂತರ ಅವರು ಸುಧಾಳಿಗೆ ಹೇಳಿದ್ದನ್ನು, ಅವಳು ನನಗೆ ಹೇಳಿದಂತೆ, ನನ್ನ ಕನ್ನಡದಲ್ಲಿ ಹೇಳುತ್ತೇನೆ. ಇದರಲ್ಲಿ ನಾನು ಅಲಂಕಾರ ಸೇರಿಸಿಲ್ಲ, ಸೇರಿಸಲು ಜಾಗವಿರಲಿಲ್ಲ.

“ನಿಮ್ಮ ಕಾಕಾ ಗಿರಣಿಯಲ್ಲಿ ಗಂಜಿ ಹಾಕುವ ಖಾತೆಯ ಮಾಸ್ತರ್. ಮಗ್ಗಕ್ಕೆ ಹೋಗೋ ಮೊದಲು ನೂಲಿಗೆ ಗಂಜಿ ಕುಡಿಸ್ತಾರೆ. ಬರೀ ಗಂಜಿ ಕುಡಿಸಿದರೆ ನೂಲು ಬಿರುಸಾಗಿ ಪಟಪಟ ಹರಿಯುತ್ತೆ. ಅದಕ್ಕೆ ಚರ್ಬಿ ಬೆರೆಸಬೇಕು. ಪ್ರಾಣಿಯ ಕೊಬ್ಬು. ಪೀಪಾಯಿಗಟ್ಟಲೆ ಬರ್ತಿತ್ತು. ಮಾಲೀಕರು ನಮಗಿಂತ ಹೆಚ್ಚು ಪೂಜೆ ಮಾಡೋರು, ಅವರಿಗೂ ಗೊತ್ತು. ಗಿರಣಿಯಲ್ಲಿ ಯಾರೂ ಅದರ ಹೆಸರು ಹೇಳ್ತಿರಲಿಲ್ಲ, ‘ಚೀಕಣುಂ’ ಅಂತಿದ್ದರು. ಜಿಡ್ಡಿನದು ಅಂತ. ಮೂವತ್ತು ವರ್ಷ ಅದನ್ನ ಕುದಿಸಿದರು. ಚಾಳಿನಲ್ಲಿ, ಗಿರಣಿಯವರ ವಠಾರದಲ್ಲಿ, ನಮ್ಮ ಮನೆ ಮಾಳಿಗೆ ಮೇಲೆ. ಕೆಳಗಿನ ನಲ್ಲಿಯಲ್ಲಿ ಬೂದಿ, ಸಾಬೂನು ಹಚ್ಚಿ ಮೊಣಕೈ ತನಕ ತೊಳೀದೇ ಒಂದು ದಿನವೂ ಮೆಟ್ಟಿಲು ಹತ್ತಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದು ಸಲ ಕೇಳಿದೆ, ಏನಿದು ವಾಸನೆ? ಮಷೀನಿನ ಎಣ್ಣೆ ಅಂದರು. ಆಮೇಲೆ ನಾನು ಕೇಳಲಿಲ್ಲ. ಮಷೀನಿನ ಎಣ್ಣೆಗೂ ಚರ್ಬಿಗೂ ಇರೋ ವ್ಯತ್ಯಾಸ ಹಿಟ್ಟು ಕಲೆಸೋ ಹೆಂಗಸಿಗೆ ಗೊತ್ತಾಗಲ್ವಾ?”

ಇನ್ನೊಂದು ಮಾತೂ ಹೇಳಿದರು. “ನಮ್ಮ ದೇವರಿಗೆ ಹೊಲಿದ ಬಟ್ಟೆಯೂ ಅದೇ ಗಿರಣಿದು. ಗಂಜಿಯನ್ನ ಆಮೇಲೆ ತೊಳೀತಾರೆ, ಎಲ್ಲ ಹೋಗುತ್ತೆ ಅಂತಿದ್ದರು ನಿಮ್ಮ ಕಾಕಾ.”

ಇಲ್ಲಿಗೆ ನಾನು ಉಬ್ಬಿಹೋದೆ ಎಂದರೆ ನೀವು ನಂಬಬೇಕು. ಕ್ಷಮೆ ಸಿಕ್ಕಿತು ಎಂದುಕೊಂಡೆ. ಅಷ್ಟೇ ಅಲ್ಲ, ನನ್ನ ಚಿತ್ರದ ಸಾಮಗ್ರಿಗೂ ಚಿತ್ರದಲ್ಲಿದ್ದ ಮನುಷ್ಯನ ಬದುಕಿಗೂ ಇಂಥ ನಂಟು ಕೂಡಿಬಂದಿರುವಾಗ, ಇದನ್ನು ದೇವರ ಗೂಡಿನ ಎದುರು ಹಾಕದೆ ಇನ್ನೆಲ್ಲಿ ಹಾಕುತ್ತಾರೆ? ಆಧುನಿಕ ಕಲೆಗೆ ಇದಕ್ಕಿಂತ ದೊಡ್ಡ ಗೆಲುವು ಯಾವುದು? ಈ ಅರ್ಥದ ಒಂದು ವಾಕ್ಯವನ್ನು ಹಿಂದಿಯಲ್ಲಿ ಜೋಡಿಸುತ್ತಿದ್ದೆ. ಬಾ ಎದ್ದು ನಿಂತು ಒಂದೇ ಶಬ್ದ ಹೇಳಿದರು: “ಬಹಾರ್.”

ಹೊರಗೆ. ನನ್ನ ವಾಕ್ಯ ಅಲ್ಲೇ ಉದುರಿತು. ಸುಧಾ ಗಾಬರಿಯಿಂದ ಅವರ ಕೈ ಹಿಡಿದುಕೊಂಡಳು. “ತು ನಹಿ, ದೀಕ್ರಿ” ಎಂದು ಬಾ ಅವಳ ಕೈ ತಟ್ಟಿದರು. ನೀನಲ್ಲ, ಮಗಳೇ. ಹೊರಗೆ ಹೋಗಬೇಕಾದ್ದು ಕಾಕಾ. ಕೈ ತೊಳೆಯದ ಅವರನ್ನು ಎಂದೂ ಒಳಗೆ ಬಿಟ್ಟುಕೊಂಡವರಲ್ಲ ಬಾ, ಈಗ ಇದು ತೊಳೆದರೆ ಹೋಗುವ ಬಣ್ಣವಲ್ಲ. ಆದ್ದರಿಂದ ಮೆಟ್ಟಿಲ ಬುಡದ ನಲ್ಲಿಯ ಮೇಲಿನ ಗೋಡೆ. ಚರ್ಚೆ ಮುಗಿಯಿತು. ಹಿಟ್ಟು ಕಲೆಸಲು ಹೊತ್ತಾಗಿತ್ತು.

ನನಗೆ ಬೇಸರವಾಯಿತೇ? ಆಯಿತು. ಮೂರು ವಾರ ಸಿದ್ಧಾಂತಗಳನ್ನು ಒತ್ತೆಯಿಟ್ಟು ಬರೆದ ನನ್ನ ಏಕೈಕ ಮೂಗುಳ್ಳ ಕೃತಿ, ಕೈಕಾಲು ತೊಳೆಯುವ ತೊಟ್ಟಿಯ ಮೇಲೆ! ಬಟ್ಟೆ ಒಗೆಯಲು ಬಂದವಳು ಅದರೆದುರು ಬಕೆಟ್ಟು ತುಂಬಿಸುತ್ತಿದ್ದಳು. ಹಾಲಿನವನು ಅಲ್ಲೇ ಕ್ಯಾನು ತೊಳೆಯುತ್ತಿದ್ದ. ಕೊಯಾಲಿಯಿಂದ ಒಂದು ಭಾನುವಾರ ಬಂದ ಪಾಟೀಲ ಅದರ ಮುಂದೆ ನಿಂತು ಎರಡು ನಿಮಿಷ ನೋಡಿ, “ಮನಷ್ಯಾ ಕಾಣಸ್ತಾನಲೇ!” ಎಂದು ಉದ್ಗರಿಸಿದ. ನನ್ನ ಕಲಾಜೀವನದಲ್ಲಿ ಸಿಕ್ಕ ಒಂದೇ ವಿಮರ್ಶೆ ಅದು, ಮತ್ತು ಅದು ನನ್ನ ಸಿದ್ಧಾಂತಗಳಿಗೆ ತೀರ ವಿರುದ್ಧವಾಗಿತ್ತು.

ಪುಣ್ಯತಿಥಿಯ ಬೆಳಿಗ್ಗೆ ನಾನು ಕಚೇರಿಗೆ ಹೊರಟು ಮೆಟ್ಟಿಲಿಳಿಯುತ್ತಿದ್ದೆ. ಬಾ ಆಗಲೇ ನಲ್ಲಿಯ ಹತ್ತಿರ ನಿಂತಿದ್ದರು. ಹಾರ ಹಾಕಿರಲಿಲ್ಲ, ಮೀಸೆ ಇನ್ನೂ ಹಸಿ ಎಂದು ಅವರಿಗೆ ಗೊತ್ತು. ಊದುಬತ್ತಿ ಹಚ್ಚಿ ಗೋಡೆಯ ಬಿರುಕಿಗೆ ಸಿಕ್ಕಿಸಿದರು. ಕೈಮುಗಿಯಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ, ಮಡಿಕೆ ಮುರಿಯದ ಬಿಳಿ ಟವೆಲ್ಲೊಂದನ್ನು ತೆಗೆದು ಝಾಡಿಸಿ, ಚಿತ್ರದ ಪಕ್ಕದ ಮೊಳೆಗೆ ತೂಗುಹಾಕಿ, ಅದರ ಅಂಚು ಸರಿಮಾಡಿ ಒಳಗೆ ಹೋದರು.

ಇಷ್ಟು ಚೆನ್ನಾಗಿ ಕೂಡಿಬರುವ ನೆನಪುಗಳನ್ನು ನಾನು ನಂಬುವುದಿಲ್ಲವಾದ್ದರಿಂದ, ಅಂದು ಸಂಜೆಯೇ ಸುಧಾಳನ್ನು ವಿಚಾರಿಸಿದೆ. ಅವಳ ಪ್ರಕಾರ ಅದರಲ್ಲಿ ವಿಶೇಷವೇನೂ ಇಲ್ಲ. ನಾವೆಲ್ಲ ಒದ್ದೆ ಕೈಯನ್ನು ಮೆಟ್ಟಿಲ ಗೋಡೆಗೆ ಒರೆಸಿ ಸುಣ್ಣ ಹಾಳು ಮಾಡುತ್ತೇವೆಂದು ಬಾ ಬಹಳ ದಿನದಿಂದ ಗೊಣಗುತ್ತಿದ್ದರಂತೆ, ಟವೆಲ್ಲು ಕಾಕಾ ಅವರಿಗಲ್ಲ, ನಮಗೆ. ಅದೇ ನಿಜವಿರಬೇಕು. ಅಲ್ಲಿದ್ದ ಉಳಿದ ಎರಡು ವರ್ಷ ದಿನವೂ ಸಂಜೆ ಆ ನಲ್ಲಿಯಲ್ಲಿ ಕೈ ತೊಳೆದಿದ್ದೇನೆ. ಒಗೆಯುವವಳು, ಹಾಲಿನವನು, ಸುಧಾ, ಬಂದ ನೆಂಟರು, ಎಲ್ಲರೂ ಆ ಟವೆಲ್ಲಿಗೆ ಧಾರಾಳವಾಗಿ ಕೈ ಒರೆಸುತ್ತಿದ್ದರು. ನಾನು ಮಾತ್ರ ಪ್ಯಾಂಟಿಗೆ ಒರೆಸಿಕೊಂಡು ಮೇಲೆ ಹೋಗುತ್ತಿದ್ದೆ.